ಬೇರಿಂಗ್ ಕೆಡುವುದು ರಾತ್ರಿ ಹೊತ್ತು

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಕೋಣಂದೂರು ಕಡೆಯ ಊರು. ಎರಡು ವರ್ಷದ ಹಿಂದೆ ಹಸಿ ಅಡಿಕೆ ಸುಲಿಯುವ ಯಂತ್ರ ಕೊಂಡೆ. ಮನೆಯ ಕೊಯ್ಲಿನ ನಡುವೆ ಬಿಡುವಾದಾಗ ಪಿಕಪ್‌ನಲ್ಲಿ ಹೇರಿಕೊಂಡು ಸುತ್ತಲಿನ ಮನೆಗಳಿಗೂ ಬಾಡಿಗೆಗೆ ಹೋಗುತ್ತೇನೆ. ಮೂರು ಅಶ್ವಶಕ್ತಿಯ ಮೋಟಾರು, ಬೆಲ್ಟಿನಿಂದ ತಿರುಗುವ ಎರಡು ಶಾಫ್ಟು, ನಾಲ್ಕು ಯುಸಿಪಿ 206 ಬೇರಿಂಗು. ಶಾಫ್ಟು ನಿಮಿಷಕ್ಕೆ ಮುನ್ನೂರು ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಎರಡು ಹಂಗಾಮಿನಲ್ಲಿ ಏಳು ಬೇರಿಂಗ್ ಬದಲಿಸಿದ್ದೇನೆ. ಗ್ರೀಸ್ ಹಾಕುವುದರಲ್ಲಿ ಜಿಪುಣತನ ಮಾಡಿಲ್ಲ. ದಿನಾ ಬೆಳಿಗ್ಗೆ ಯಂತ್ರ ಶುರು ಮಾಡುವ ಮೊದಲು ಎಲ್ಲ ನಿಪ್ಪಲ್‌ಗಳಿಗೂ (ಗ್ರೀಸ್ ಒತ್ತುವ ಸಣ್ಣ ಮೂತಿಗಳಿಗೂ) ಗ್ರೀಸ್ ಹೊರಗೆ ಬರುವ ತನಕ ಗನ್ ಒತ್ತುತ್ತೇನೆ. ಸಂಜೆ, ಅಡಿಕೆಯ ಚೊಗರು ರಸ ಅಂಟಿ ಕಪ್ಪಾಗದಿರಲಿ ಎಂದು ಪ್ರೆಷರ್ ವಾಷರ್‌ನಲ್ಲಿ ಚೆನ್ನಾಗಿ ತೊಳೆದಿಡುತ್ತೇನೆ. ಅಂಗಡಿಯವರು ಕೆಂಪು ಗ್ರೀಸ್ ಹಾಕಿ, ಬಿಸಿಗೆ ಕರಗುವುದಿಲ್ಲ ಎನ್ನುತ್ತಾರೆ. ನಮ್ಮ ಮಾವನವರ ಪ್ರಕಾರ ಕಪ್ಪು ಗ್ರೀಸೇ ಗಟ್ಟಿ. ವೆಲ್ಡಿಂಗ್ ಅಂಗಡಿಯವರು ಗ್ರೀಸಿಗೆ ಹಳೆಯ ಎಂಜಿನ್ ಆಯಿಲ್ ಬೆರೆಸಿ ಹಾಕಲು ಹೇಳಿದ್ದಾರೆ. ಈಗ ಮೋಟಾರು ಸಹ ಕೂಗಲು ಶುರು ಮಾಡಿದೆ. ಅದಕ್ಕೆ ನಿಪ್ಪಲ್ಲೇ ಇಲ್ಲ. ತೂತು ಕೊರೆಸಿ ಕೂರಿಸಬಹುದೇ? ಒಟ್ಟಿನಲ್ಲಿ ಯಾವ ಗ್ರೀಸ್, ಎಷ್ಟು, ಎಷ್ಟು ದಿನಕ್ಕೊಮ್ಮೆ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೆಂಪು ಗ್ರೀಸು, ಕಪ್ಪು ಗ್ರೀಸು ಎಂಬ ಚರ್ಚೆಗಿಂತ ನನ್ನ ಕಣ್ಣಿಗೆ ಬಿದ್ದದ್ದು ಎರಡು ಪುಟ್ಟ ಪದಗಳು: "ಬೆಳಿಗ್ಗೆ" ಮತ್ತು "ಸಂಜೆ". ಸಂಜೆ ತೊಳೆಯುತ್ತೀರಿ, ಬೆಳಿಗ್ಗೆ ಗ್ರೀಸ್ ಹಾಕುತ್ತೀರಿ. ನಡುವೆ ಇಡೀ ಒಂದು ರಾತ್ರಿ ಇದೆ. ನಿಮ್ಮ ಬೇರಿಂಗ್‌ಗಳು ಕೆಡುತ್ತಿರುವುದು ಆ ರಾತ್ರಿಯಲ್ಲಿ ಎಂದು ನನ್ನ ಅನುಮಾನ. ಅನುಮಾನ ಎಂದೇ ಹೇಳುತ್ತೇನೆ. ಸತ್ತ ಬೇರಿಂಗನ್ನು ಬಿಚ್ಚಿ ನೋಡದೆ ತೀರ್ಪು ಕೊಡುವುದು ನಾಡಿ ಹಿಡಿಯದೆ ಕಷಾಯ ಕೊಟ್ಟಂತೆ. ಬಿಚ್ಚಿ ನೋಡುವುದು ಹೇಗೆಂದು ಮುಂದೆ ಹೇಳುತ್ತೇನೆ.

ಮೊದಲು ಒಂದು ಲೆಕ್ಕ. "ಹೊರೆ ಹೆಚ್ಚಾಗಿ ಬೇರಿಂಗ್ ಹೋಗಿರಬೇಕು, ದೊಡ್ಡದು ಹಾಕಿಸಿ" ಎಂಬ ಸಲಹೆ ನಿಮಗೆ ಇನ್ನೂ ಬಂದಿಲ್ಲದಿದ್ದರೆ ನಾಳೆ ಬರುತ್ತದೆ. 206 ಎಂಬ ಸಂಖ್ಯೆಯ ಕೊನೆಯ ಎರಡು ಅಂಕಿಗಳನ್ನು ಐದರಿಂದ ಗುಣಿಸಿದರೆ ಒಳರಂಧ್ರದ ಅಳತೆ ಸಿಗುತ್ತದೆ, ಅಂದರೆ 30 ಮಿಲಿಮೀಟರ್ ಶಾಫ್ಟು. ಈ ಗಾತ್ರದ ಗುಂಡಿನ ಬೇರಿಂಗಿನ ಹೊರೆ ಹೊರುವ ಸಾಮರ್ಥ್ಯ ಸುಮಾರು 19.5 ಕಿಲೋನ್ಯೂಟನ್. ಬೆಲ್ಟಿನ ಎಳೆತ, ಅಡಿಕೆಯ ಒತ್ತಡ ಎಲ್ಲವನ್ನೂ ಧಾರಾಳವಾಗಿ ಸೇರಿಸಿ ಒಂದೊಂದು ಬೇರಿಂಗಿನ ಮೇಲೆ ಇನ್ನೂರು ಕೆ.ಜಿ. ತೂಕ ಕೂತಿದೆ ಎಂದು ಹಿಡಿಯೋಣ, ಅಂದರೆ 2 ಕಿಲೋನ್ಯೂಟನ್. ಸಾಮರ್ಥ್ಯವನ್ನು ಹೊರೆಯಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಎರಡು ಸಲ ಗುಣಿಸಿದರೆ ಎಷ್ಟು ದಶಲಕ್ಷ ಸುತ್ತು ಬಾಳುತ್ತದೆ ಎಂಬುದು ಬರುತ್ತದೆ. ಇಲ್ಲಿ ಅದು ಸುಮಾರು 925. ನಿಮಿಷಕ್ಕೆ ಮುನ್ನೂರು ಸುತ್ತಿನ ಲೆಕ್ಕದಲ್ಲಿ ಐವತ್ತು ಸಾವಿರ ಗಂಟೆ ಮೀರುತ್ತದೆ. ದಿನಕ್ಕೆ ಹತ್ತು ಗಂಟೆ, ಹಂಗಾಮಿಗೆ ನೂರು ದಿನ ಓಡಿಸಿದರೂ ಐವತ್ತು ಹಂಗಾಮು. ಈ ಲೆಕ್ಕ ನೂರರಲ್ಲಿ ತೊಂಬತ್ತು ಬೇರಿಂಗ್‌ಗಳು ಮುಟ್ಟುವ ಆಯಸ್ಸು; ಹತ್ತು ಮೊದಲೇ ಹೋಗಬಹುದು. ಹಾಗೆಂದು ನಾಲ್ಕು ಜಾಗದಲ್ಲಿ ಎರಡೇ ಹಂಗಾಮಿಗೆ ಏಳು ಹೋಗುವುದು ಅದೃಷ್ಟದ ಆಟವಲ್ಲ. ಹೊರೆಗೆ ಸವೆಯಬೇಕಾದ ವಸ್ತು ಅದಕ್ಕೂ ಎಷ್ಟೋ ಮೊದಲೇ ಬೇರೆ ಕಾರಣಕ್ಕೆ ಸಾಯುತ್ತಿದೆ.

ಗ್ರೀಸ್ ಎಂದರೆ ಏನು ಎಂಬುದು ಸ್ಪಷ್ಟವಾದರೆ ಅರ್ಧ ಗೊಂದಲ ತೀರುತ್ತದೆ. ಅದರಲ್ಲಿ ನೂರಕ್ಕೆ ಎಂಬತ್ತು ತೊಂಬತ್ತು ಪಾಲು ಎಣ್ಣೆಯೇ. ಉಳಿದದ್ದರಲ್ಲಿ ಹೆಚ್ಚಿನದು ಸಾಬೂನು: ಕೊಬ್ಬಿನ ಆಮ್ಲಕ್ಕೆ ಲಿಥಿಯಂ ಅಥವಾ ಕ್ಯಾಲ್ಸಿಯಂ ಕ್ಷಾರ ಸೇರಿಸಿ ತಯಾರಿಸಿದ್ದು. ನಾವು ಮೈಗೆ ಹಚ್ಚುವುದು ಸೋಡಿಯಂ ಸಾಬೂನು, ಇದು ಅದರ ದಾಯಾದಿ. ಸಾಬೂನಿನ ಸೂಕ್ಷ್ಮ ಎಳೆಗಳು ತೆಂಗಿನ ನಾರಿನ ಉಂಡೆ ನೀರು ಹಿಡಿದಿಟ್ಟುಕೊಂಡ ಹಾಗೆ ಎಣ್ಣೆಯನ್ನು ಹಿಡಿದಿರುತ್ತವೆ. ಗುಂಡುಗಳ ಕೆಲಸಕ್ಕೆ ಬೇಕಾದದ್ದು ಆ ಎಣ್ಣೆ, ಅದು ನಾರಿನಿಂದ ಹನಿಹನಿಯಾಗಿ ಒಸರಬೇಕು. ಡಬ್ಬಿಯ ಮೇಲೆ ತೆಳುವಾಗಿ ಎಣ್ಣೆ ನಿಂತರೆ ಗ್ರೀಸ್ ಕೆಟ್ಟಿದೆ ಎಂದು ಎಸೆಯುವವರಿದ್ದಾರೆ. ಸ್ವಲ್ಪ ಒಸರುವುದು ಅದರ ಧರ್ಮ. ಕದಡಿ ಬಳಸಬಹುದು. ಡಬ್ಬಿ ಬಾಯಿ ತೆರೆದು ಅಡಿಕೆ ಸಿಪ್ಪೆಯ ರಾಶಿಯ ಪಕ್ಕ ಇಟ್ಟಿದ್ದರೆ ಮಾತ್ರ ಎಸೆಯಿರಿ.

ಗುಂಡು ಮತ್ತು ರೇಸ್ (ಗುಂಡು ಉರುಳುವ ಉಂಗುರದ ಮೈ) ನಡುವೆ ನಿಲ್ಲುವ ಎಣ್ಣೆಯ ಪದರ ಒಂದು ಮೈಕ್ರಾನ್‌ಗಿಂತಲೂ ತೆಳು. ತಲೆಗೂದಲು ಸುಮಾರು ಎಪ್ಪತ್ತು ಮೈಕ್ರಾನ್ ಇರುತ್ತದೆ. ಆ ತೆಳುಪದರ ಹತ್ತು ಸಾವಿರ ವಾಯುಭಾರಕ್ಕೂ ಮೀರಿದ ಒತ್ತಡವನ್ನು ಹೊರುತ್ತದೆ. ಹೊರುವುದು ಹೇಗೆ? ಅಂಥ ಒತ್ತಡದಲ್ಲಿ ಎಣ್ಣೆ ಆ ಕ್ಷಣಕ್ಕೆ ಮೇಣದಂತೆ ಗಟ್ಟಿಯಾಗುತ್ತದೆ, ಗುಂಡು ದಾಟಿದೊಡನೆ ಮತ್ತೆ ಎಣ್ಣೆಯಾಗುತ್ತದೆ. ನೀರಿಗೆ ಈ ವಿದ್ಯೆ ಗೊತ್ತಿಲ್ಲ. ಒತ್ತಿದರೂ ಅದು ತೆಳ್ಳಗೇ ಇರುತ್ತದೆ. ಎಣ್ಣೆಯಲ್ಲಿ ನೀರು ಬೆರೆತ ಜಾಗದಲ್ಲಿ ಪದರ ಹರಿದು ಉಕ್ಕಿಗೆ ಉಕ್ಕು ತಾಗುತ್ತದೆ. ಯಂತ್ರ ನಿಂತಿದ್ದಾಗಲಂತೂ ನೀರು ಇನ್ನೊಂದು ಕೆಲಸ ಮಾಡುತ್ತದೆ, ಅದೇ ತುಕ್ಕು.

ಈಗ ನಿಮ್ಮ ಸಂಜೆಗೆ ಬರೋಣ. ಪ್ರೆಷರ್ ವಾಷರ್ ನೀರನ್ನು ನೂರು ಬಾರ್ ಆಸುಪಾಸಿನ ಒತ್ತಡದಲ್ಲಿ ಚಿಮ್ಮಿಸುತ್ತದೆ. ನಿಮ್ಮ ಬೇರಿಂಗಿನ ರಬ್ಬರ್ ಸೀಲು ಎಂದರೆ ಶಾಫ್ಟಿನ ಸುತ್ತ ಮೆತ್ತಗೆ ಒರಗಿದ ಒಂದು ತುಟಿ. ಧೂಳು, ಸಿಡಿಯುವ ಚೊಗರು, ಮಳೆಯ ಇರಚಲು ಇವನ್ನು ಅದು ತಡೆದೀತು. ಆ ಧಾರೆಯ ಮುಂದೆ ಅದು ಗಾಳಿಗೆ ಹಿಡಿದ ಬಾಳೆ ಎಲೆ. ಮೇಲಾಗಿ ದಿನವಿಡೀ ಓಡಿ ಬೇರಿಂಗ್ ಬೆಚ್ಚಗಿರುತ್ತದೆ, ಒಳಗಿನ ಗಾಳಿ ಹಿಗ್ಗಿರುತ್ತದೆ. ಮೇಲೆ ತಣ್ಣೀರು ಬಿದ್ದೊಡನೆ ಒಳಗಾಳಿ ಕುಗ್ಗಿ ಹೊರಗಿನದನ್ನು ಒಳಕ್ಕೆ ಹೀರುತ್ತದೆ. ಸೀಲಿನ ಬಾಯಲ್ಲಿ ಆಗ ನಿಂತಿರುವುದು ನೀರು. ಹೀಗೆ ಒಂದೆರಡು ಹನಿ ಒಳಸೇರಿದರೆ ಸಾಕು. ಇಡೀ ರಾತ್ರಿ ಗುಂಡು ಕೂತಲ್ಲೇ ಕೂತಿರುತ್ತದೆ, ಅದರ ಬುಡದಲ್ಲಿ ನೀರು ನಿಂತಿರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್‌ಗೂ ಮೀರಿ ಮಳೆ ಸುರಿಯುವ ಸೀಮೆ ನಮ್ಮದು. ನಮ್ಮ ಹಸಿ ಅಡಿಕೆ ಕೊಯ್ಲು ಆಗಸ್ಟ್ ಸೆಪ್ಟೆಂಬರ್‌ನಲ್ಲಿ, ಇನ್ನೂ ಮಳೆ ಬಿಡದಿರುವಾಗಲೇ ಶುರುವಾಗುತ್ತದೆ. ಒಳಹೊಕ್ಕ ನೀರು ತಾನಾಗಿ ಆರುವ ಮಾತೇ ಇಲ್ಲ.

ಬೆಳಿಗ್ಗೆ ನೀವು ಹೊಸ ಗ್ರೀಸ್ ತುಂಬುತ್ತೀರಿ. ರಾತ್ರಿ ಆಗಬೇಕಾದದ್ದು ಅಷ್ಟರಲ್ಲಿ ಆಗಿಹೋಗಿರುತ್ತದೆ. ಹೊಸ ಗ್ರೀಸ್ ಬಂದು ನೀರನ್ನು ಕಲಸಿ ಮಜ್ಜಿಗೆ ಮಾಡುತ್ತದೆ, ಅಷ್ಟೆ.

ಆದ್ದರಿಂದ ನನ್ನ ಮೊದಲ ಸಲಹೆಗೆ ಖರ್ಚೇ ಇಲ್ಲ. ಬೇರಿಂಗಿನ ಹತ್ತಿರ ವಾಷರ್ ತರಬೇಡಿ. ಸುಲಿಯುವ ಭಾಗ, ಜಾಲರಿ, ಅಡಿಕೆ ಬೀಳುವ ದೋಣಿ ಇವನ್ನು ತೊಳೆಯಿರಿ. ಬೇರಿಂಗ್, ಪುಲ್ಲಿ, ಮೋಟಾರು ಇರುವ ಕಡೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ತೊಳೆದ ಮೇಲೆ ಯಂತ್ರವನ್ನು ಖಾಲಿಯಾಗಿ ಹತ್ತು ನಿಮಿಷ ಓಡಿಸಿ. ಬೇರಿಂಗ್ ಇನ್ನೂ ಬೆಚ್ಚಗಿರುವಾಗಲೇ, ಮೋಟಾರಿನ ಸ್ವಿಚ್ ಆರಿಸಿ, ವೈರನ್ನು ಪ್ಲಗ್ಗಿನಿಂದ ಕಿತ್ತು, ಶಾಫ್ಟನ್ನು ಕೈಯಿಂದ ತಿರುಗಿಸುತ್ತ ನಿಧಾನವಾಗಿ ಗ್ರೀಸ್ ಹಾಕಿ. ಬೆಚ್ಚಗಿರುವ ಗ್ರೀಸ್ ಸಲೀಸಾಗಿ ಸರಿದು ನೀರನ್ನು ತುಟಿಯಿಂದಾಚೆ ತಳ್ಳುತ್ತದೆ. ಹೊರಬಂದ ಗ್ರೀಸ್ ಸೀಲಿನ ಬಾಯಿಗೆ ರಾತ್ರಿಯ ಅಗುಳಿಯಾಗುತ್ತದೆ. ಅದನ್ನು ಪೂರ್ತಿ ಒರೆಸಿ ಹೊಳಪು ಕೊಡಬೇಡಿ. ತೆಳುವಾದ ಒಂದು ಕಟ್ಟೆ ಹಾಗೇ ಇರಲಿ, ಮೇಲೆ ಮೆತ್ತಿದ ನಾರು ಕಸ ಮಾತ್ರ ತೆಗೆಯಿರಿ.

ಇನ್ನೊಂದು ಪರೀಕ್ಷೆ ಇಂದೇ ಮಾಡಿ. ಗ್ರೀಸ್ ಹೊರಗೆ ಬರುತ್ತದೆ ಎಂದು ಬರೆದಿದ್ದೀರಿ. ಎಲ್ಲಿಂದ ಬರುತ್ತದೆ? ನಿಪ್ಪಲ್ ಇರುವುದು ಬೀಡಿನ ಹೌಸಿಂಗ್, ಅಂದರೆ ಬೇರಿಂಗ್ ಕೂರುವ ಕವಚದ ಮೇಲೆ. ಅಲ್ಲಿಂದ ಗ್ರೀಸ್ ಬೇರಿಂಗಿನ ಹೊರ ಉಂಗುರದ ಒಂದು ಸಣ್ಣ ತೂತಿನ ಮೂಲಕ ಒಳಗೆ ಇಳಿಯಬೇಕು. ಬೇರೆ ಕಂಪನಿಯ ಬೇರಿಂಗನ್ನು ಹಳೆಯ ಹೌಸಿಂಗಿಗೆ ಕೂರಿಸಿದಾಗ ಕೆಲವೊಮ್ಮೆ ಆ ತೂತು, ಹೌಸಿಂಗಿನ ದಾರಿ ಒಂದಕ್ಕೊಂದು ಸೇರುವುದಿಲ್ಲ. ಕೆಲವೊಮ್ಮೆ ಬಣ್ಣ ಬಳಿಯುವಾಗಲೇ ದಾರಿ ಮುಚ್ಚಿರುತ್ತದೆ. ಆಗ ಗ್ರೀಸ್ ಹೊರ ಉಂಗುರ ಮತ್ತು ಬೀಡಿನ ಸಂದಿನಿಂದ ಚಿಮ್ಮುತ್ತದೆ. ನೋಡಿದವರಿಗೆ ಬೇರಿಂಗ್ ತುಂಬಿ ತುಳುಕಿದಂತೆ ಕಾಣುತ್ತದೆ, ಒಳಗೆ ಒಂದು ಗುಲಗಂಜಿಯಷ್ಟೂ ಹೋಗಿರುವುದಿಲ್ಲ. ಗ್ರೀಸ್ ಬರಬೇಕಾದದ್ದು ಶಾಫ್ಟಿನ ಪಕ್ಕದ ಸೀಲಿನ ಸುತ್ತ. ವರ್ಷವಿಡೀ "ಹಾಕಿದ್ದೇವೆ" ಎಂದು ಪುಸ್ತಕದಲ್ಲಿ ಬರೆದು, ಒಣಗಿ ಸತ್ತ ಬೇರಿಂಗ್‌ಗಳನ್ನು ನಾನು ಕೈಯಾರೆ ಬಿಚ್ಚಿದ್ದೇನೆ.

ಅತಿಯಾದರೆ ಅಮೃತವೂ ವಿಷ ಎನ್ನುವ ಮಾತು ಬೇರಿಂಗಿಗೆ ಎಷ್ಟರಮಟ್ಟಿಗೆ ನಿಜ? ಇಲ್ಲಿ ಒಂದು ತಪ್ಪು ತಿಳಿವಳಿಕೆ ಎರಡೂ ಕಡೆಯಿಂದ ಇದೆ. "ಹಾಕಿದಷ್ಟೂ ಒಳ್ಳೆಯದು" ಎಂಬುದು ಎತ್ತಿನ ಗಾಡಿಯ ಕಾಲದಿಂದ ಬಂದ ರೂಢಿ. ಗಾಡಿಯ ಅಚ್ಚಿನಲ್ಲಿ ಗುಂಡುಗಳಿಲ್ಲ. ಮರದ ಗುಂಬ ಕಬ್ಬಿಣದ ಅಚ್ಚಿನ ಮೇಲೆ ಉಜ್ಜಿಕೊಂಡು ತಿರುಗುತ್ತದೆ. ಅಲ್ಲಿ ಕೀಲೆಣ್ಣೆ ಸುರಿದಷ್ಟೂ ಲಾಭ, ಹೆಚ್ಚಾದದ್ದು ದಾರಿಯಲ್ಲಿ ಬೀಳುತ್ತದೆ. ವೇಗವಾಗಿ ತಿರುಗುವ ಗುಂಡಿನ ಬೇರಿಂಗಿನಲ್ಲಿ ಹಾಗಲ್ಲ. ಒಳಗೆ ಜಾಗವಿಲ್ಲದಷ್ಟು ತುಂಬಿದರೆ ಗುಂಡುಗಳು ಗ್ರೀಸನ್ನು ಕಡೆಯುತ್ತಲೇ ಇರಬೇಕಾಗುತ್ತದೆ. ಕಡೆದಂತೆ ಕಾವು ಏರುತ್ತದೆ, ಕಾವಿಗೆ ಎಣ್ಣೆ ಬೇರ್ಪಟ್ಟು ಹರಿದುಹೋಗುತ್ತದೆ, ಸಾಬೂನು ಮಾತ್ರ ಕರಿಯ ಕರಕಾಗಿ ಉಳಿಯುತ್ತದೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಾರ್ಖಾನೆಯೊಂದರ ದೊಡ್ಡ ಬ್ಲೋವರ್ ಬೇರಿಂಗಿಗೆ ನಾನು ಹೀಗೇ ಮಾಡಿದ್ದೆ. ಸ್ವಲ್ಪ ಬೆಚ್ಚಗಿದೆ ಎಂದು ಗ್ರೀಸ್ ಹಾಕಿದೆ. ಇನ್ನಷ್ಟು ಬಿಸಿಯಾಯಿತು. ಸಾಲಲಿಲ್ಲವೇನೋ ಎಂದು ಇನ್ನಷ್ಟು ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಹೌಸಿಂಗ್ ಮೇಲೆ ನೀರು ಚಿಮುಕಿಸಿದರೆ ಚುಯ್ ಎನ್ನುತ್ತಿತ್ತು. ಹಿರಿಯ ಫಿಟ್ಟರ್ ಒಬ್ಬರು ಬಂದು, ಒಂದು ಮಾತೂ ಆಡದೆ, ಕೆಳಗಿನ ಡ್ರೈನ್ ಪ್ಲಗ್ ಬಿಚ್ಚಿ ಬ್ಲೋವರ್ ಓಡಲು ಬಿಟ್ಟರು. ಹೆಚ್ಚಿನ ಗ್ರೀಸ್ ಹಾವಿನಂತೆ ಸುರುಳಿ ಸುರುಳಿಯಾಗಿ ಇಳಿಯಿತು. ಒಂದು ಗಂಟೆಯಲ್ಲಿ ಬೇರಿಂಗ್ ತಣ್ಣಗಾಯಿತು, ನಾನು ಒಂದು ವಾರ ಅವರ ಮುಖ ನೋಡಲಿಲ್ಲ.

ಆದರೆ ಆ ನಿಯಮವನ್ನು ಹಾಗೇ ತಂದು ನಿಮ್ಮ ಯಂತ್ರಕ್ಕೆ ಅಂಟಿಸುವುದು ತಪ್ಪು. ಒಳಗಿನ ಖಾಲಿ ಜಾಗದ ಮೂರನೇ ಒಂದರಿಂದ ಅರ್ಧದಷ್ಟು ಮಾತ್ರ ತುಂಬಬೇಕು ಎನ್ನುವುದು ವೇಗದ ಬೇರಿಂಗ್‌ಗಳ ಮಾತು. ನಿಮಿಷಕ್ಕೆ ಮುನ್ನೂರು ಸುತ್ತಿನಲ್ಲಿ 30 ಮಿಲಿಮೀಟರ್ ಶಾಫ್ಟಿನ ಬೇರಿಂಗ್ ಕಡೆದು ಕಾಯುವಷ್ಟು ಓಡುವುದಿಲ್ಲ. ನೀರು ಕಸ ಇರುವ ಕಡೆ, ನಿಧಾನದ ಬೇರಿಂಗನ್ನು ಬಹುಮಟ್ಟಿಗೆ ತುಂಬಿಯೇ ಇಡುವುದು ವಾಡಿಕೆ. ಅಲ್ಲಿ ಗ್ರೀಸ್ ಎಣ್ಣೆಯ ಕೆಲಸಕ್ಕಿಂತ ಗೋಡೆಯ ಕೆಲಸ ಹೆಚ್ಚು ಮಾಡುತ್ತದೆ. ಹಾಗಿದ್ದರೆ ನೀವು ದಿನಾ ಒತ್ತುವುದರಲ್ಲಿ ತಪ್ಪೇನು? ಪ್ರಮಾಣಕ್ಕಿಂತ ರಭಸ. ಕೈಯಿಂದ ಒತ್ತುವ ಗ್ರೀಸ್ ಗನ್ ಕೂಡ ನೂರಾರು ಬಾರ್ ಒತ್ತಡ ಹುಟ್ಟಿಸುತ್ತದೆ. ಬೆಳಗಿನ ಚಳಿಗೆ ಗಟ್ಟಿಯಾದ ಗ್ರೀಸನ್ನು, ಶಾಫ್ಟು ನಿಂತಿರುವಾಗ, ಜೋರಾಗಿ ಒತ್ತಿದರೆ ಸೀಲು ತಾನು ಕೂತ ತೋಡಿನಿಂದ ಹೊರಕ್ಕೆ ಉಬ್ಬಿ ಕಿತ್ತುಬರುತ್ತದೆ. ಒಮ್ಮೆ ಕಿತ್ತ ಸೀಲು ಮತ್ತೆ ಕೂರುವುದಿಲ್ಲ. ಆ ಮೇಲೆ ಸಂಜೆಯ ನೀರಿಗೆ ಬಾಗಿಲು ಹಾರು ಹೊಡೆದಂತೆ.

ಎಷ್ಟು ಹಾಕಬೇಕು ಎಂಬುದಕ್ಕೆ ಬೇರಿಂಗ್ ಕೆಲಸದವರು ಬಳಸುವ ಒಂದು ಸುಲಭ ಸೂತ್ರವಿದೆ: ಹೊರವ್ಯಾಸ, ಅಗಲ ಎರಡನ್ನೂ ಮಿಲಿಮೀಟರ್‌ನಲ್ಲಿ ಅಳೆದು ಗುಣಿಸಿ, 0.005ರಿಂದ ಮತ್ತೆ ಗುಣಿಸಿದರೆ ಗ್ರಾಂ ಲೆಕ್ಕ ಬರುತ್ತದೆ. 206ರ ಹೊರವ್ಯಾಸ 62. ಇದೇ ಗಾತ್ರದ ಸಾದಾ ಬೇರಿಂಗಿನ ಅಗಲ 16. ಸುಮಾರು ಐದು ಗ್ರಾಂ ಆಯಿತು. ನಿಮ್ಮದರಲ್ಲಿ ಒಳ ಉಂಗುರ ಎರಡೂ ಬದಿಗೆ ಉದ್ದವಾಗಿ ಚಾಚಿರುತ್ತದೆ. ಅದು ಸ್ಕ್ರೂ ಬಿಗಿಯಲು ಮಾತ್ರ, ಅಲ್ಲಿ ಗ್ರೀಸಿಗೆ ಜಾಗವಿಲ್ಲ, ಲೆಕ್ಕಕ್ಕೆ ಹಿಡಿಯಬೇಡಿ. ನಿಮ್ಮ ಗನ್ ಒಂದು ಒತ್ತಿಗೆ ಎಷ್ಟು ಕೊಡುತ್ತದೆ ಎಂಬುದನ್ನು ಅಡುಗೆಮನೆಯ ತಕ್ಕಡಿಯಲ್ಲಿ ಒಮ್ಮೆ ನೋಡಿಬಿಡಿ. ಕಾಗದದ ಮೇಲೆ ಹತ್ತು ಸಲ ಒತ್ತಿ ತೂಗಿ ಹತ್ತರಿಂದ ಭಾಗಿಸಿ. ಸಾಮಾನ್ಯವಾಗಿ ಒಂದು ಗ್ರಾಂ ಅಥವಾ ಒಂದೂವರೆ ಗ್ರಾಂ ಇರುತ್ತದೆ. ವಾರಕ್ಕೊಮ್ಮೆ ಐದು ಗ್ರಾಂ ಹಾಕುವುದಕ್ಕಿಂತ, ತೊಳೆದ ಪ್ರತಿ ಸಂಜೆ ಒಂದೋ ಎರಡೋ ಒತ್ತು ನಿಧಾನವಾಗಿ ಕೊಡುವುದು ನಿಮ್ಮ ಕೆಲಸಕ್ಕೆ ಸರಿ. ತೊಳೆಯದ ದಿನ ಬೇಡ. ನಿಪ್ಪಲ್ಲಿನ ಮೂತಿಯನ್ನು ಮೊದಲು ಒರೆಸಿ. ಒರೆಸದೆ ಗನ್ ಹಚ್ಚಿದರೆ ದಿನದ ಕಸವನ್ನು ಸೂಜಿಮದ್ದಿನಂತೆ ನೀವೇ ಒಳಗೆ ಚುಚ್ಚುತ್ತೀರಿ.

ಇನ್ನು ಬಣ್ಣದ ವಿಷಯ. ಕೆಂಪು, ನೀಲಿ, ಹಸಿರು ಎಲ್ಲವೂ ಕಾರ್ಖಾನೆಯವರು ಬೆರೆಸಿದ ಬಣ್ಣ. ಒಂದು ಕಂಪನಿಯ ಕೆಂಪು ಇನ್ನೊಂದರ ಕೆಂಪಿಗೆ ನೆಂಟನಲ್ಲ. ಕೆಂಪು ಗ್ರೀಸ್ ಎಂದು ಸಿಗುವುದು ಹಲವು ಸಲ ಲಿಥಿಯಂ ಕಾಂಪ್ಲೆಕ್ಸ್ ಆಗಿರುತ್ತದೆ. ಅದು ಹನಿಯಾಗಿ ಕರಗಿ ಬೀಳಲು 250 ಡಿಗ್ರಿ ದಾಟಬೇಕು, ಸಾದಾ ಲಿಥಿಯಂ 180 ಡಿಗ್ರಿ ಮೇಲೆಯೇ ನಿಲ್ಲುತ್ತದೆ. ನಿಮ್ಮ ಬೇರಿಂಗಿನ ಮೇಲೆ ಅಂಗೈ ಐದು ಸೆಕೆಂಡು ಇಡಲು ಆಗುತ್ತದೆಯೇ? ಆಗುವುದಾದರೆ ಅದು 60 ಡಿಗ್ರಿಯ ಒಳಗಿದೆ. ಇಲ್ಲದ ಕಾಯಿಲೆಗೆ ದುಬಾರಿ ಔಷಧ ಏಕೆ? ಅಂಗಡಿಯವರು ಸುಳ್ಳು ಹೇಳಿಲ್ಲ, ನಿಮ್ಮ ತೊಂದರೆ ಬಿಸಿ ಅಲ್ಲ ಅಷ್ಟೆ.

ಮಾವನವರ ಕಪ್ಪು ಗ್ರೀಸಿನಲ್ಲಿ ಗ್ರಾಫೈಟ್ ಅಥವಾ ಮಾಲಿಬ್ಡಿನಂ ಪುಡಿ ಇರುತ್ತದೆ. ಪಿನ್ನು, ಬುಷ್, ಜೆಸಿಬಿಯ ತೋಳಿನ ಕೀಲು, ಹೀಗೆ ಉಜ್ಜಿಕೊಂಡು ನಿಧಾನವಾಗಿ ಆಡುವ, ಜಜ್ಜುವಂಥ ಹೊರೆ ಬೀಳುವ ಕಡೆ ಅದು ರಾಜ. ಗುಂಡು ಉರುಳಬೇಕಾದ ಕಡೆ ಘನಪುಡಿ ಬೇಕಿಲ್ಲ. ನಿಮ್ಮ ವೇಗಕ್ಕೆ ಅದು ಬೇರಿಂಗನ್ನು ಕೊಲ್ಲುವುದಿಲ್ಲ, ಕಾಯುವುದೂ ಇಲ್ಲ. ಕಪ್ಪಾಗಿರುವುದರಿಂದ ಗ್ರೀಸ್ ಕೆಟ್ಟಿದೆಯೋ ಇಲ್ಲವೋ ಕಣ್ಣಿಗೆ ತಿಳಿಯದು ಎಂಬುದು ನನ್ನ ದೊಡ್ಡ ತಕರಾರು. ನಿಮ್ಮ ಯಂತ್ರದಲ್ಲಂತೂ ಚೊಗರು ಬೇರೆ ಇದೆ. ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುತ್ತದೆ. ಹಿಂದಿನವರು ಅಳಲೆಕಾಯಿ ರಸಕ್ಕೆ ಅನ್ನಭೇದಿ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದದ್ದು ಇದೇ ರಸಾಯನದಿಂದ. ಸೀಲಿನ ಬಾಯಲ್ಲಿ ತಿಳಿ ಬಣ್ಣದ ಗ್ರೀಸ್ ಮಸಿಯಂತೆ ಕಪ್ಪಾದರೆ ಚೊಗರು ಒಳಗಿಣುಕಿದೆ ಎಂದು ಶಂಕಿಸಬಹುದು. ಕಪ್ಪು ಗ್ರೀಸಿನಲ್ಲಿ ಆ ಸುಳಿವೂ ಕೈತಪ್ಪುತ್ತದೆ.

ಹಳೆಯ ಎಂಜಿನ್ ಆಯಿಲ್ ಮಾತ್ರ ಖಂಡಿತ ಬೇಡ. ಮಸಿ, ಲೋಹದ ಕಣ, ಆಮ್ಲ ಎಲ್ಲವನ್ನೂ ಎಂಜಿನ್ನಿನಿಂದ ತೊಳೆದು ತಂದ ಎಣ್ಣೆ ಅದು. ಗ್ರೀಸನ್ನು ತೆಳ್ಳಗೆ ಮಾಡಿ ಸೀಲಿನಿಂದ ಹರಿಸಿಬಿಡುತ್ತದೆ. ಯಾರಾದರೂ ಕೊಬ್ಬರಿ ಎಣ್ಣೆ ಎಂದಾರು, ಅದೂ ಬೇಡ. 24 ಡಿಗ್ರಿ ಆಸುಪಾಸಿನಲ್ಲಿ ಹೆಪ್ಪುಗಟ್ಟುವ ಎಣ್ಣೆ ನಮ್ಮ ಡಿಸೆಂಬರ್ ಬೆಳಗಿಗೆ ಆಗಿಬರುವುದಿಲ್ಲ, ದಿನ ಕಳೆದಂತೆ ಕಮಟಾಗಿ ಅಂಟುತ್ತದೆ.

ಹಾಗಾದರೆ ಯಾವುದು? ನಿಮ್ಮ ಮುಂದೆ ಎರಡು ದಾರಿ. ಸಾದಾ ದಾರಿಯೆಂದರೆ ಒಳ್ಳೆಯ ಕಂಪನಿಯ ಲಿಥಿಯಂ ಗ್ರೀಸ್, ಡಬ್ಬಿಯ ಮೇಲೆ ಎನ್‌ಎಲ್‌ಜಿಐ 2 ಎಂದು, ಸಾಧ್ಯವಾದರೆ ಇಪಿ (ಹೆಚ್ಚಿನ ಒತ್ತಡ ತಾಳುವಂಥದ್ದು) ಎಂದು ಬರೆದಿರಲಿ. ಆ 2 ಎಂಬುದು ಗಟ್ಟಿತನದ ದರ್ಜೆ. 25 ಡಿಗ್ರಿಯಲ್ಲಿ ನಿಗದಿತ ತೂಕದ ಶಂಕುವನ್ನು ಗ್ರೀಸಿನೊಳಗೆ ಬಿಟ್ಟಾಗ 26.5ರಿಂದ 29.5 ಮಿಲಿಮೀಟರ್ ಇಳಿದರೆ ಅದು 2. ಅಂಗಡಿಗಳಲ್ಲಿ ಎಪಿ-3 ಎಂದು ಸಿಗುವುದು ಒಂದು ದರ್ಜೆ ಗಟ್ಟಿ. ವಾಹನದ ಚಕ್ರಕ್ಕೆ ಚೆನ್ನ, ಬೇರೇನೂ ಸಿಗದಿದ್ದರೆ ನಿಮಗೂ ನಡೆಯುತ್ತದೆ, ಆದರೆ ಚಳಿಗೆ ಕೈಗನ್ನಿನಿಂದ ಒತ್ತುವುದು ಕಷ್ಟ. ಲಿಥಿಯಂ ಗ್ರೀಸ್ ನೀರನ್ನು ಒಂದು ಮಟ್ಟಿಗೆ ತಾಳಿಕೊಳ್ಳುತ್ತದೆ. ವಾಷರ್ ನಿಲ್ಲಿಸುವುದಾದರೆ ಇದೇ ಸಾಕು ಎಂಬುದು ನನ್ನ ಅಭಿಪ್ರಾಯ.

ಎರಡನೆಯ ದಾರಿ ಕ್ಯಾಲ್ಸಿಯಂ ಸಲ್ಫೋನೇಟ್ ಕಾಂಪ್ಲೆಕ್ಸ್. ನೀರಿಗೂ ತುಕ್ಕಿಗೂ ಇದಕ್ಕಿಂತ ಎದೆಗೊಡುವ ಗ್ರೀಸ್ ಸುಲಭಕ್ಕೆ ಸಿಗದು. ಕಾಗದದ ಕಾರ್ಖಾನೆ, ಉಕ್ಕಿನ ರೋಲಿಂಗ್ ಮಿಲ್, ಹಡಗು ಮುಂತಾದ ನೀರಿನ ನಡುವೆಯೇ ಓಡುವ ಬೇರಿಂಗ್‌ಗಳಿಗೆ ಬಳಸುತ್ತಾರೆ. ತೊಡಕು ಎರಡು. ಬೆಲೆ ಸಾದಾ ಗ್ರೀಸಿನ ಹಲವು ಪಟ್ಟು. ಹಳೆಯ ಗ್ರೀಸಿನ ಜೊತೆ ಬೆರೆತರೆ ಏನಾಗುವುದೋ ಎಂಬ ಆತಂಕ ಇನ್ನೊಂದು. ಬೇರೆ ಬೇರೆ ಸಾಬೂನಿನ ಗ್ರೀಸ್‌ಗಳು ಬೆರೆತಾಗ ಕೆಲವು ನೀರಾಗಿ ಹರಿಯುತ್ತವೆ, ಕೆಲವು ಗಟ್ಟಿಯಾಗಿ ಎಣ್ಣೆ ಬಿಡುವುದನ್ನೇ ನಿಲ್ಲಿಸುತ್ತವೆ. ಬದಲಿಸುವುದಾದರೆ ಹೊಸ ಬೇರಿಂಗ್ ಹಾಕುವ ದಿನವೇ ಬದಲಿಸಿ, ಗನ್ ಕೂಡ ಬಿಚ್ಚಿ ಒರೆಸಿ. ಹೊಸ ಬೇರಿಂಗಿನಲ್ಲಿ ಕಾರ್ಖಾನೆಯವರೇ ತುಂಬಿದ ಗ್ರೀಸ್ ಇರುತ್ತದೆ. ಅದರೊಂದಿಗೆ ಹೊಂದುತ್ತದೆಯೇ ಎಂಬುದನ್ನು ಮಾರುವವರಿಂದ ಬರೆಸಿಕೊಳ್ಳಿ. ಶಿವಮೊಗ್ಗದ ಬೇರಿಂಗ್ ಅಂಗಡಿಗಳಲ್ಲಿ ಕೇಳಿ ತರಿಸಬಹುದು. ಚ್ಯಾಸಿ ಗ್ರೀಸ್ ಎಂದು ಅಗ್ಗಕ್ಕೆ ಸಿಗುವ ಸಾದಾ ಕ್ಯಾಲ್ಸಿಯಂ ಗ್ರೀಸ್ ಬೇರೆಯೇ ಜಾತಿ. ಹೆಸರಿನಲ್ಲಿ ಕ್ಯಾಲ್ಸಿಯಂ ಇದ್ದ ಮಾತ್ರಕ್ಕೆ ಮೋಸ ಹೋಗಬೇಡಿ. ನೀರನ್ನು ಅದೂ ತಡೆಯುತ್ತದೆ, 60 ಡಿಗ್ರಿ ಆಚೆಗೆ ಅದರ ಮೇಲೆ ಭರವಸೆ ಇಡುವಂತಿಲ್ಲ.

ಗ್ರೀಸಿಗಿಂತ ಹೆಚ್ಚು ಫಲ ಕೊಡುವ ಇನ್ನೊಂದು ಉಪಾಯವಿದೆ, ಇದಕ್ಕೆ ಲೇತಿನವರ ಸಹಾಯ ಬೇಕು. ಹಲವು ಸುಲಿಯುವ ಯಂತ್ರಗಳಲ್ಲಿ ಬೇರಿಂಗನ್ನು ಸುಲಿಯುವ ಪೆಟ್ಟಿಗೆಯ ತಗಡಿಗೇ ತಾಗಿಸಿ ಕೂರಿಸಿರುತ್ತಾರೆ. ಶಾಫ್ಟಿನ ಗುಂಟ ಒಸರುವ ಚೊಗರು ನೇರ ಸೀಲಿಗೆ ಬರುತ್ತದೆ. ತಗಡಿಗೂ ಬೇರಿಂಗಿಗೂ ಎರಡು ಬೆರಳಿನಷ್ಟು ಅಂತರ ಬರುವಂತೆ ಹೊರಕ್ಕೆ ಸರಿಸಿ, ನಡುವೆ ಶಾಫ್ಟಿಗೆ ಬಿಗಿಯಾಗಿ ಒಂದು ರಬ್ಬರ್ ಬಿಲ್ಲೆ ತೊಡಿಸಿದರೆ ಅದು ತಿರುಗುತ್ತ ಹನಿಗಳನ್ನು ಹೊರಕ್ಕೆ ಎಸೆಯುತ್ತದೆ. ಲಾರಿಯ ಹಳೆಯ ಟ್ಯೂಬಿನಿಂದ ಕತ್ತರಿಸಿದರೂ ಆದೀತು. ಅಪಾಯವೂ ಇದೆ. ಬೇರಿಂಗನ್ನು ವಿಪರೀತ ದೂರ ಸರಿಸಿದರೆ ಶಾಫ್ಟು ಬಾಗುತ್ತದೆ. ಬಿಲ್ಲೆ ಸೀಲಿಗೆ ಒತ್ತಿಕೊಂಡರೆ ಗ್ರೀಸ್ ಹೊರಬರುವ ದಾರಿ ಕಟ್ಟಿ ಸೀಲು ಉಬ್ಬುತ್ತದೆ.

ಶಾಫ್ಟು ವಾರೆಯಾಗುವ ಸಂಗತಿ ಬಂದದ್ದರಿಂದ ಒಂದು ಹಳೆಯ ಕಥೆ. ಸ್ವೀಡನ್ನಿನ ಗೋಥೆನ್‌ಬರ್ಗ್ ಊರಿನ ಒಂದು ಬಟ್ಟೆ ಗಿರಣಿ ಜೇಡಿ ನೆಲದ ಮೇಲೆ ನಿಂತಿತ್ತು. ನೆಲ ಕುಸಿದಂತೆಲ್ಲ ಶಾಫ್ಟುಗಳು ವಾರೆಯಾಗಿ ಬೇರಿಂಗ್‌ಗಳು ಸಾಯುತ್ತಿದ್ದವು. ಅಲ್ಲಿ ಎಂಜಿನಿಯರ್ ಆಗಿದ್ದ ಸ್ವೆನ್ ವಿಂಗ್‌ಕ್ವಿಸ್ಟ್ 1907ರಲ್ಲಿ ತಾನಾಗಿ ಸಾಲು ಹೊಂದಿಸಿಕೊಳ್ಳುವ ಬೇರಿಂಗ್ ರೂಪಿಸಿದ. ಎಸ್‌ಕೆಎಫ್ ಕಂಪನಿ ಹುಟ್ಟಿದ್ದು ಹಾಗೆ. ನಿಮ್ಮ ಯುಸಿಪಿ ಬೇರಿಂಗಿನ ಹೊರಮೈ ಚೆಂಡಿನಂತೆ ಉಬ್ಬಿರುವುದೂ ಇದೇ ಉದ್ದೇಶಕ್ಕೆ. ಯಂತ್ರವನ್ನು ಒಂದೊಂದು ದಿನ ಒಂದೊಂದು ಮನೆಯ ಅಂಗಳದಲ್ಲಿ, ಒಂದು ಕಾಲಿಗೆ ಕಲ್ಲು ಚೂರು ಕೊಟ್ಟು ನಿಲ್ಲಿಸುತ್ತೀರಲ್ಲವೇ? ಚೌಕಟ್ಟು ತಿರುಚಿದರೂ ಬೇರಿಂಗ್ ಸ್ವಲ್ಪ ಹೊರಳಿ ಹೊಂದಿಕೊಳ್ಳಬೇಕು. ಹೌಸಿಂಗ್ ಒಳಗೆ ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಹೊರಳುವುದಿಲ್ಲ. ಹೊಸದು ಕೂರಿಸುವಾಗ ಹೌಸಿಂಗಿನ ಒಳಮೈಯನ್ನು ಉಜ್ಜಿ ಗ್ರೀಸ್ ಸವರಿ. ಸುತ್ತಿಗೆ ಏಟು ಬೇಡವೇ ಬೇಡ, ಹೊರ ಉಂಗುರಕ್ಕೆ ಹೊಡೆದರೆ ಆ ಏಟು ಗುಂಡುಗಳ ಮೂಲಕವೇ ರೇಸಿಗೆ ಇಳಿದು ಕುಳಿ ಬೀಳಿಸುತ್ತದೆ.

ಈಗ ಸತ್ತ ಬೇರಿಂಗಿನ ವಿಷಯ. ಎಸೆಯದೆ ಇಟ್ಟಿದ್ದರೆ ಎರಡನ್ನು ವರ್ಕ್‌ಶಾಪಿಗೆ ಕೊಟ್ಟು ಹೊರ ಉಂಗುರವನ್ನು ಗ್ರೈಂಡರ್‌ನಲ್ಲಿ ಸೀಳಿಸಿ. ನೀವೇ ಸುತ್ತಿಗೆಯಿಂದ ಒಡೆಯಬೇಡಿ, ಬೇರಿಂಗ್ ಉಕ್ಕು ಗಾಜಿನಂತೆ ಸಿಡಿಯುತ್ತದೆ. ಒಳಗೆ ಗ್ರೀಸ್ ಮಜ್ಜಿಗೆಯಂತೆ ಬೆಳ್ಳಗಾಗಿದ್ದು, ರೇಸ್ ಮೇಲೆ ಗುಂಡುಗಳ ಅಂತರಕ್ಕೆ ಸರಿಯಾಗಿ ತುಕ್ಕಿನ ಗೆರೆಗಳಿದ್ದರೆ ನನ್ನ ಅನುಮಾನ ನಿಜ, ಅದು ನಿಂತ ನೀರಿನ ಗುರುತು. ಸಂದೇಹವಿದ್ದರೆ ಕಡಲೆಕಾಳಿನಷ್ಟು ಗ್ರೀಸನ್ನು ಹಳೆಯ ಚಮಚದಲ್ಲಿಟ್ಟು, ಮುಖ ದೂರವಿಟ್ಟು, ಕೆಳಗಿನಿಂದ ಕಾಯಿಸಿ. ಒಗ್ಗರಣೆಯಂತೆ ಚಟಪಟ ಎಂದರೆ ನೀರಿದೆ. ಗ್ರೀಸ್ ಚೆನ್ನಾಗಿದ್ದು ರೇಸಿನ ಒಂದೇ ಪಕ್ಕದಲ್ಲಿ ಸಿಪ್ಪೆ ಎದ್ದಿದ್ದರೆ ಬೆಲ್ಟ್ ಬಿಗಿ ಹೆಚ್ಚಾಗಿದೆ. ಶಾಫ್ಟು ಬೇರಿಂಗಿನೊಳಗೆ ಜಾರಿ ಗೆರೆ ಬಿದ್ದಿದ್ದರೆ ಸ್ಕ್ರೂ ಸಡಿಲವಾಗಿದೆ.

ಇನ್ನೊಂದು ಗುರುತಿದೆ, ಬಾಡಿಗೆ ಯಂತ್ರಗಳಲ್ಲಿ ನಾನು ಹೆಚ್ಚು ಕಂಡದ್ದು. ಗುಂಡಿನ ಅಂತರಕ್ಕೇ ಸಣ್ಣ ಸಣ್ಣ ಕುಳಿಗಳು, ಸುತ್ತ ಕೆಂಗಂದು ಪುಡಿ, ಗ್ರೀಸಿನಲ್ಲಿ ನೀರಿಲ್ಲ. ಅದು ಓಡಿ ಆದದ್ದಲ್ಲ, ಪಿಕಪ್‌ನಲ್ಲಿ ಪ್ರಯಾಣ ಮಾಡಿ ಆದದ್ದು. ನಮ್ಮ ಮಣ್ಣುದಾರಿಯಲ್ಲಿ ನಿಂತ ಶಾಫ್ಟು ಕೂತಲ್ಲೇ ನಡುಗುತ್ತದೆ. ಗುಂಡು ಉರುಳದೆ ಅದುರಿದರೆ ಎಣ್ಣೆಯ ಪದರ ಹಿಂಡಿಹೋಗಿ ಮತ್ತೆ ತುಂಬಿಕೊಳ್ಳುವುದಿಲ್ಲ. ಸಾಗಿಸುವಾಗ ಯಂತ್ರದ ಕಾಲಡಿಗೆ ಟೈರಿನ ತುಂಡುಗಳನ್ನು ಹಾಕಿ. ಶಾಫ್ಟು ಅಲುಗದಂತೆ ಹಗ್ಗದಿಂದ ಬಿಗಿದು ಕಟ್ಟಿ, ಇಳಿಸಿದ ಮೇಲೆ ಕಟ್ಟು ಬಿಚ್ಚಿ ಕೈಯಿಂದ ಹತ್ತು ಸುತ್ತು ತಿರುಗಿಸಿಯೇ ಮೋಟಾರು ಹಾಕಿ. ಹಂಗಾಮು ಮುಗಿದ ಮೇಲೆ ಕೊಟ್ಟಿಗೆಯಲ್ಲಿ ನಿಲ್ಲಿಸುವ ಮುನ್ನ ಕೊನೆಯ ಬಾರಿ ಹಳೆಯದು ಹೋಗಿ ಹೊಸ ಗ್ರೀಸ್ ಹೊರಗೆ ಕಾಣುವ ತನಕ ಹಾಕಿ. ತಿಂಗಳಿಗೆ ಎರಡು ಸಲ ತಿರುಗಿಸಿ. ಪ್ಲಾಸ್ಟಿಕ್ ಹೊದೆಸಿ ಬಿಗಿಯಾಗಿ ಕಟ್ಟಿದರೆ ಒಳಗೇ ಬೆವರು ಹನಿಯುತ್ತದೆ, ಹಳೆಯ ಗೋಣಿ ವಾಸಿ.

ಮೋಟಾರಿನ ಮಾತು ಬೇರೆ. ಅದು ನಿಮಿಷಕ್ಕೆ 1440 ಸುತ್ತಿನದಾಗಿದ್ದರೆ, ಒಳಗಿರುವುದು ಎರಡೂ ಬದಿ ಮುಚ್ಚಿದ, ಆಜೀವ ಗ್ರೀಸ್ ತುಂಬಿದ ಬೇರಿಂಗ್ ಇರಬೇಕು. ನಿಪ್ಪಲ್ ಇಲ್ಲದಿರುವುದು ಮರೆವಿನಿಂದಲ್ಲ. ಕೊರೆಸಿ ಗ್ರೀಸ್ ಒತ್ತಿದರೆ ಬೇರಿಂಗಿಗೆ ಹೋಗದೆ ವೈಂಡಿಂಗ್, ಅಂದರೆ ಮೋಟಾರಿನ ತಂತಿಯ ಸುರುಳಿಗಳ ಮೇಲೆ ಬೀಳುತ್ತದೆ, ಬೇರಿಂಗ್ ಉಳಿಸಲು ಹೋಗಿ ಮೋಟಾರೇ ಸುಟ್ಟೀತು. ಕೂಗುತ್ತಿದೆ ಎಂದರೆ ಅದಕ್ಕೂ ನೀರು ಕುಡಿಸಿದ್ದೀರಿ. ಅದರ ಪಟ್ಟಿಯ ಮೇಲೆ ಐಪಿ 55 (ಧೂಳು, ನೀರು ತಡೆಯುವ ದರ್ಜೆ) ಎಂದು ಬರೆದಿದ್ದರೂ ಧೈರ್ಯ ತಾಳಬೇಡಿ. ಆ ಎರಡನೆಯ 5, ಸಾಧಾರಣ ಪೈಪಿನ ಧಾರೆಯನ್ನು ತಡೆದೀತು ಎಂಬ ಭರವಸೆ, ಪ್ರೆಷರ್ ವಾಷರ್‌ಗೆ ಅಲ್ಲ. ರಿವೈಂಡಿಂಗ್ ಅಂಗಡಿಯಲ್ಲಿ ಬಿಚ್ಚಿಸಿ, ವೈಂಡಿಂಗ್ ಒಣಗಿಸಿ ಇನ್ಸುಲೇಷನ್ ಅಳೆಸಿ, ಎರಡೂ ಬೇರಿಂಗನ್ನು ರಬ್ಬರ್ ಸೀಲಿನವಕ್ಕೆ, ಅಂದರೆ ಹೆಸರಿನ ಕೊನೆಯಲ್ಲಿ 2ಆರ್‌ಎಸ್ ಎಂದಿರುವುದಕ್ಕೆ ಬದಲಿಸಿ. ಕೂರಿಸಲು ಕಾಯಿಸುವುದಾದರೆ 80 ಡಿಗ್ರಿ ದಾಟಬಾರದು, ಬೆಂಕಿಯ ಜ್ವಾಲೆ ತೋರಿಸುವವರ ಕೈಗೆ ಕೊಡಬೇಡಿ. ಇದನ್ನು ಮುಂದಿನ ಬಾಡಿಗೆಗೆ ಹೋಗುವ ಮೊದಲೇ ಮಾಡಿಸಿ. ನೀರು ಹೊಕ್ಕ ಮೋಟಾರನ್ನು ಒದ್ದೆ ಅಂಗಳದಲ್ಲಿ ಮುಟ್ಟುವುದು ಬೇರಿಂಗಿನ ಖರ್ಚಿಗಿಂತ ದೊಡ್ಡ ವಿಷಯ.

ಮಾವನವರ ಕಪ್ಪು ಗ್ರೀಸ್ ಡಬ್ಬಿಯನ್ನು ಎಸೆಯಬೇಡಿ. ಪಿಕಪ್‌ನ ಹಿಂಬಾಗಿಲಿನ ಕೀಲುಗಳಿಗೆ, ತೋಟದ ಗೇಟಿಗೆ ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಅವರು ಹೇಳಿದ್ದು ಅಷ್ಟರಮಟ್ಟಿಗೆ ಸರಿಯೇ ಇದೆ.